ದೂರ ಮತ್ತು ದೂರು

ನನ್ನ ತಂಗಿಯ ಮಗ ಅರ್ಥಶಾಸ್ತ್ರ ಓದಿದವನು. ಊರಿಗೆ ಬಂದಾಗಲೆಲ್ಲ ಅವನ ಚೀಲದಲ್ಲಿ ಬಟ್ಟೆಗಿಂತ ಕಾಗದವೇ ಹೆಚ್ಚು. ಕಳೆದ ಸಲ ಬಂದವನು ಕಾಫಿ ಲೋಟ ಕೆಳಗಿಟ್ಟು, "ದೊಡ್ಡಮ್ಮ, ನೀವು ಇಷ್ಟು ವರ್ಷ ಹೇಳ್ತಾ ಬಂದಿದ್ದನ್ನ ಇವರು ಲೆಕ್ಕ ಹಾಕಿ ತೋರಿಸಿದಾರೆ ನೋಡಿ" ಎಂದು ಒಂದು ಕಟ್ಟನ್ನು ನನ್ನ ಮುಂದಿಟ್ಟ. ಬಿಹಾರದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಟ್ಟದ್ದರಿಂದ ಏನಾಯಿತು ಎಂಬ ಸಂಶೋಧನೆ ಅದು. ನಾನು ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಅವರ ಇಂಗ್ಲಿಷು ಕಷ್ಟ, ಲೆಕ್ಕ ಸುಲಭ. ಹಾಗಾಗಿ ಕೊನೆಯ ಕೋಷ್ಟಕಗಳಿಂದ ಶುರುಮಾಡಿ ಹಿಂದುಹಿಂದಕ್ಕೆ ಓದಿ ಮುಗಿಸಿದೆ.

ನಾನು ಹೇಳುತ್ತಿದ್ದದ್ದು ದೊಡ್ಡ ಸಿದ್ಧಾಂತವೇನಲ್ಲ. ಹೆಣ್ಣುಮಕ್ಕಳು ಶಾಲೆ ಬಿಡುವುದು ಶಾಲೆಯ ಕಾರಣಕ್ಕಲ್ಲ, ದಾರಿಯ ಕಾರಣಕ್ಕೆ ಎಂದು, ಅಷ್ಟೆ. ಇಲಾಖೆಯ ಸಭೆಗಳಲ್ಲಿ ಇದನ್ನು ಹೇಳಿದಾಗ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಯಾರೂ ಬರೆದುಕೊಳ್ಳುತ್ತಲೂ ಇರಲಿಲ್ಲ.

ನಮ್ಮ ಶಾಲೆ ಇದ್ದದ್ದು ಹಾಸನ ಜಿಲ್ಲೆಯ ಬಯಲು ಕಡೆಯ ಒಂದು ಹೋಬಳಿ ಊರಿನಲ್ಲಿ. ತೆಂಗು, ರಾಗಿ, ನಡುನಡುವೆ ಜಾಲಿ. ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಅದೊಂದೇ ಸರ್ಕಾರಿ ಪ್ರೌಢಶಾಲೆ. ಹಳ್ಳಿಗಳಲ್ಲಿ ಏಳನೇ ತರಗತಿಯವರೆಗೆ ಶಾಲೆಗಳಿದ್ದವು. ಎಂಟಕ್ಕೆ ನಮ್ಮಲ್ಲಿಗೆ ಬರಬೇಕು. ಹಾಜರಿ ಪುಸ್ತಕದಲ್ಲಿ ಪ್ರತಿ ಮಗುವಿನ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಅದರ ಊರು ಎಷ್ಟು ಕಿಲೋಮೀಟರು ಎಂದು ಬರೆದಿಡುವುದು ನನ್ನ ಅಭ್ಯಾಸವಾಗಿತ್ತು. ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಮೊದಲು ಆ ಅಂಕಿಯನ್ನೊಮ್ಮೆ ನೋಡಿಕೊಳ್ಳೋಣ ಎಂಬ ಲೆಕ್ಕ. ವರ್ಷಗಳು ಉರುಳಿದಂತೆ ಆ ಪೆನ್ಸಿಲ್ ಅಂಕಿಗಳೇ ಒಂದು ಕಥೆ ಹೇಳತೊಡಗಿದವು. ಗಂಡುಹುಡುಗರ ಹೆಸರಿನ ಪಕ್ಕ ಐದು, ಏಳು, ಎಂಟು ಎಂದೆಲ್ಲ ಇರುತ್ತಿತ್ತು. ಹುಡುಗಿಯರ ಹೆಸರಿನ ಪಕ್ಕ ಮೂರು ದಾಟುವುದೇ ಅಪರೂಪ.

ಜೂನ್ ತಿಂಗಳಲ್ಲಿ ನಾವು ಮೇಷ್ಟ್ರುಗಳೆಲ್ಲ ಹಳ್ಳಿಹಳ್ಳಿಗೆ ಹೋಗಿ ಏಳನೇ ತರಗತಿ ಮುಗಿಸಿದ ಮಕ್ಕಳ ಮನೆಬಾಗಿಲು ತಟ್ಟುತ್ತಿದ್ದೆವು. ಯಾವ ಅಪ್ಪನೂ "ಹೆಣ್ಣಿಗ್ಯಾಕೆ ಓದು" ಎಂದು ನನ್ನ ಮುಖದ ಮೇಲೆ ಹೇಳಿದ ನೆನಪಿಲ್ಲ. ಮಜ್ಜಿಗೆ ಕೊಡುತ್ತಿದ್ದರು, ಮಣೆ ಹಾಕುತ್ತಿದ್ದರು. "ಓದ್ಲಿ ಅಂತ ನಮ್ಗೂ ಆಸೆ ಐತೆ ಮೇಡಮ್ಮೋರೆ. ದಾರೀದೇ ಯೋಚ್ನೆ. ಮಧ್ಯ ಕಾವಲು ಬತ್ತದೆ. ಒಬ್ಳೇ ಹೆಣ್ಣುಡ್ಗಿ..." ಎಂದು ಮಾತು ಅಲ್ಲಿಗೆ ನಿಲ್ಲಿಸುತ್ತಿದ್ದರು. ಬಸ್ಸು ಇರಲಿಲ್ಲವೆಂದಲ್ಲ. ಬೆಳಿಗ್ಗೆ ಆರೂವರೆಗೆ ಒಂದು, ಹತ್ತೂಮುಕ್ಕಾಲಿಗೆ ಒಂದು. ಶಾಲೆಯ ಗಂಟೆ ಹತ್ತಕ್ಕೆ. ಆ ಬಸ್ಸಿನ ವೇಳಾಪಟ್ಟಿ ಮಾಡಿದ ಪುಣ್ಯಾತ್ಮರಿಗೆ ಮಕ್ಕಳಿರಲಿಲ್ಲವೋ ಏನೋ.

2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಶುರುವಾಯಿತು. ಲಾರಿಯಲ್ಲಿ ಬಂದದ್ದು ಸೈಕಲ್ಲಲ್ಲ, ಅದರ ಬಿಡಿಭಾಗಗಳು. ಶಾಲೆಯ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಮೂರು ದಿನ ಜೋಡಣೆ ನಡೆಯಿತು. ನಮ್ಮ ಡ್ರಿಲ್ ಮೇಷ್ಟ್ರು ಹುಡುಗಿಯರನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡಿ ಓಡಿ ಕಲಿಸಿದರು. ವಾರದೊಳಗೆ ಎಷ್ಟು ಮೊಣಕಾಲು ತರಚಿತೋ, ಟಿಂಚರ್ ಐಯೋಡಿನ್ ಬಾಟಲಿ ಖಾಲಿ. ಕೆಲವು ಸೈಕಲ್ಲುಗಳ ಮೇಲೆ ಅಪ್ಪಂದಿರು ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೋಗುವುದನ್ನೂ ಕಂಡೆವು. ಪತ್ರಿಕೆಗಳಲ್ಲಿ ಸೈಕಲ್ಲಿನ ಗುಣಮಟ್ಟದ ಬಗ್ಗೆ ಟೀಕೆ ಬಂತು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಮರುವರ್ಷ ನನ್ನ ಪೆನ್ಸಿಲ್ ಅಂಕಿಗಳು ಬದಲಾದವು. ಹುಡುಗಿಯರ ಹೆಸರಿನ ಪಕ್ಕ ಐದು ಬಂತು, ಆರು ಬಂತು, ಒಂದೆಡೆ ಏಳೂ ಬಂತು.

ಆ ಏಳು ಕಿಲೋಮೀಟರಿನ ಹುಡುಗಿಯ ಹೆಸರು ಇಲ್ಲಿ ಬೇಡ. ಭಿನ್ನರಾಶಿ ಲೆಕ್ಕದಲ್ಲಿ ಚುರುಕು. ಸೈಕಲ್ಲು ಬರುವ ಮೊದಲು ಅವಳ ಹಳ್ಳಿಯಿಂದ ಎಂಟನೇ ತರಗತಿಗೆ ಒಬ್ಬ ಹುಡುಗಿಯೂ ನಮ್ಮಲ್ಲಿಗೆ ಬಂದಿರಲಿಲ್ಲ. ಬಂದ ಮೇಲೆ ಅವಳ ಜೊತೆಗೆ ಇನ್ನೂ ಮೂವರು ಬಂದರು. ನಾಲ್ಕು ಸೈಕಲ್ಲು ಒಟ್ಟಿಗೆ ಆ ಕಾವಲು ದಾಟಿ ಬರುವುದನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಅವಳ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಬಿಹಾರ.

ಬಿಹಾರ ಸರ್ಕಾರವೂ ಅದೇ 2006ರಲ್ಲಿ, ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲು ಕೊಳ್ಳಲು ತಲಾ ಎರಡು ಸಾವಿರ ರೂಪಾಯಿ ಕೊಡಲಾರಂಭಿಸಿತು. ಕೆಲವೇ ವರ್ಷಗಳಲ್ಲಿ ಪ್ರೌಢಶಾಲೆಗೆ ಬರುವ ಹುಡುಗಿಯರ ಸಂಖ್ಯೆ ಏರಿತು. ಇದು ಸೈಕಲ್ಲಿನಿಂದಲೇ ಆದದ್ದು ಎಂದು ಹೇಳುವುದು ಹೇಗೆ? ಅದೇ ಕಾಲಕ್ಕೆ ಅಲ್ಲಿ ರಸ್ತೆಗಳಾದವು, ಮೇಷ್ಟ್ರುಗಳ ನೇಮಕವಾಯಿತು, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಬಿಡಿಸಿದ ಬಗೆ ಗಣಿತದ ಮೇಷ್ಟ್ರುಗಳಿಗೆ ಖುಷಿ ಕೊಡುವಂಥದ್ದು. ಬರೀ ಕಳೆಯುವ ಲೆಕ್ಕ. ಮೊದಲು ಸೈಕಲ್ ಸಿಕ್ಕ ವಯಸ್ಸಿನ ಹುಡುಗಿಯರಿಂದ, ಅದು ಸಿಗದಷ್ಟು ದೊಡ್ಡವರಾಗಿದ್ದ ಹುಡುಗಿಯರನ್ನು ಕಳೆಯಬೇಕು. ಹುಡುಗರಲ್ಲೂ ಇದೇ ಕಳೆತ ಮಾಡಿ, ಮೊದಲ ಉತ್ತರದಿಂದ ಅದನ್ನು ಕಳೆಯಬೇಕು. ರಸ್ತೆ, ಮೇಷ್ಟ್ರು, ದುಡ್ಡು ಇವೆಲ್ಲ ಹುಡುಗರಿಗೂ ಸಿಕ್ಕಿದ್ದರಿಂದ ಅಲ್ಲಿಗೆ ಅವು ಹೊರಟುಹೋಗುತ್ತವೆ. ಇಷ್ಟಾದ ಮೇಲೆ ಪಕ್ಕದ ಜಾರ್ಖಂಡ್. 2000ದವರೆಗೆ ಅದೂ ಬಿಹಾರವೇ, ಆದರೆ ಅಲ್ಲಿ ಈ ಯೋಜನೆ ಇರಲಿಲ್ಲ. ಅಲ್ಲಿಯೂ ಇದೇ ಲೆಕ್ಕ ಮಾಡಿ ಮೂರನೇ ಸಲ ಕಳೆದರೆ ಉಳಿಯುವುದು ಸೈಕಲ್ಲು.

ಉಳಿದದ್ದು ಸಣ್ಣದಲ್ಲ. ವಯಸ್ಸಿಗೆ ತಕ್ಕಂತೆ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತ್ತು. ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ಕಿರಿದಾಗಿತ್ತು. ಪ್ರೌಢಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಈ ಏರಿಕೆ ಹೆಚ್ಚಾಗಿತ್ತು. ಆ 'ಮೂರು' ಎಂಬ ಅಂಕಿಯನ್ನು ಕಂಡಾಗ ನನ್ನ ಹಳೆಯ ಹಾಜರಿ ಪುಸ್ತಕವನ್ನೇ ಯಾರೋ ಪಟ್ನಾಕ್ಕೆ ಹೊತ್ತೊಯ್ದಿದ್ದರೇನೋ ಎನಿಸಿತು. 2017ರಲ್ಲಿ ಇದು ಅಮೆರಿಕದ ಒಂದು ಪ್ರತಿಷ್ಠಿತ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾಯಿತು.

ಅದೇ ಲೇಖನದಲ್ಲಿ ಇನ್ನೆರಡು ಅಂಕಿಗಳಿವೆ. ಹತ್ತನೇ ತರಗತಿಯ ಪರೀಕ್ಷೆಗೆ ಕೂತ ಹುಡುಗಿಯರ ಸಂಖ್ಯೆ ಶೇಕಡಾ 18 ಏರಿತು. ಪಾಸಾದವರ ಸಂಖ್ಯೆ ಏರಿದ್ದು 12. ಮೂವತ್ತೆರಡು, ಹದಿನೆಂಟು, ಹನ್ನೆರಡು. ಸೈಕಲ್ಲು ಶಾಲೆಯ ಗೇಟಿನವರೆಗೆ ತಂದು ಬಿಡುತ್ತದೆ, ಒಳಗಿನದು ನಮ್ಮ ಜವಾಬ್ದಾರಿ. ಇದನ್ನು ನನ್ನ ಸಹೋದ್ಯೋಗಿಗಳು ಓದಲಿ ಎಂಬ ಆಸೆ ನನಗಿದೆ.

ಕರ್ನಾಟಕದ ಸೈಕಲ್ಲಿನ ಲೆಕ್ಕವನ್ನು ಹೀಗೆ ತೆಗೆಯುವುದು ಕಷ್ಟ. ನಮ್ಮಲ್ಲಿ ಹುಡುಗರಿಗೂ ಸೈಕಲ್ಲು ಸಿಕ್ಕಿತು, ಹಾಗಾಗಿ ಕಳೆಯಲು ಯಾರೂ ಉಳಿಯಲಿಲ್ಲ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಅಕ್ಕ ಸೈಕಲ್ ಮೇಲೆ, ತಮ್ಮ ಕಾಲ್ನಡಿಗೆಯಲ್ಲಿ ಹೊರಟರೆ ಮನೆಯ ಸೈಕಲ್ಲು ಎರಡನೇ ದಿನಕ್ಕೆ ಯಾರ ಪಾಲಾಗುತ್ತದೆಂದು ಹಳ್ಳಿಯಲ್ಲಿ ಬಾಳಿದವರಿಗೆ ಗೊತ್ತು. ಸಂಶೋಧಕರಿಗೆ ಅನುಕೂಲವಾಗಲೆಂದು ಸರ್ಕಾರ ನಡೆಸಲಾಗುವುದೇ!

ಏಳು ಕಿಲೋಮೀಟರಿನ ಹುಡುಗಿ 2010ರಲ್ಲಿ ಎಸ್ಸೆಸ್ಸೆಲ್ಸಿಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದಳು. ಅವಳಿಗೆ ವಿಜ್ಞಾನ ತೆಗೆದುಕೊಳ್ಳುವ ಆಸೆ. ವಿಜ್ಞಾನ ಇದ್ದದ್ದು ತಾಲೂಕು ಕೇಂದ್ರದ ಕಾಲೇಜಿನಲ್ಲಿ, ಅಂದರೆ ಅವಳೂರಿನಿಂದ ಇಪ್ಪತ್ತೈದು ಕಿಲೋಮೀಟರು. ಸೈಕಲ್ಲಿನ ರಾಜ್ಯ ಅಲ್ಲಿಗೆ ಮುಗಿಯಿತು. ಸಾಯಂಕಾಲದ ಕೊನೆಯ ಬಸ್ಸಿನಲ್ಲಿ ಹುಡುಗರ ಹಾವಳಿ. ಕತ್ತಲಲ್ಲಿ ಇಳಿದು ಮತ್ತೆ ನಡೆಯಬೇಕು. ಅವಳು ನಮ್ಮ ಹೋಬಳಿಯ ಕಾಲೇಜಿನಲ್ಲೇ ಕಲಾ ವಿಭಾಗ ಸೇರಿದಳು. "ಈ ಹುಡುಗೀರಿಗೆ ಮುಂದೆ ಬರೋ ಹಂಬಲವೇ ಇಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದರು. ತಂಗಿಯ ಮಗನ ಕಟ್ಟಿನಲ್ಲಿ ಇದಕ್ಕೂ ಉತ್ತರ ಇತ್ತು. ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳ ಬಗ್ಗೆ ಗಿರಿಜಾ ಬೋರ್ಕರ್ ಎಂಬವರು ಮಾಡಿದ ಅಧ್ಯಯನ. ದಾರಿಯಲ್ಲಿ ಕಾಟ ಕಡಿಮೆ ಇರಲಿ ಎಂಬ ಒಂದೇ ಕಾರಣಕ್ಕೆ ಹುಡುಗಿಯರು ತಮ್ಮ ಅಂಕಗಳಿಗೆ ಸುಲಭವಾಗಿ ಸಿಗುತ್ತಿದ್ದ ಒಳ್ಳೆಯ ಕಾಲೇಜು ಬಿಟ್ಟು ಸಾಧಾರಣ ಕಾಲೇಜನ್ನು ಆರಿಸಿಕೊಳ್ಳುತ್ತಾರೆ, ಸುರಕ್ಷಿತ ದಾರಿಗಾಗಿ ಹೆಚ್ಚು ದುಡ್ಡು, ಹೆಚ್ಚು ಹೊತ್ತು ತೆರುತ್ತಾರೆ ಎಂದು ಅದು ಹೇಳುತ್ತದೆ. ಹುಡುಗರು ಹೀಗೆ ಮಾಡುವುದು ತೀರಾ ಕಡಿಮೆ. ದೆಹಲಿಯಲ್ಲಿ ಮೆಟ್ರೋ ಇದೆ, ಬಸ್ಸಿದೆ, ಆಟೋ ಇದೆ. ಅಲ್ಲಿಯೇ ಹೀಗೆ.

ನಾನು 2016ರಲ್ಲಿ ನಿವೃತ್ತಳಾದೆ. ಮನೆಯಲ್ಲಿ ಕೂತು ಹಪ್ಪಳ ಒಣಗಿಸುವುದು ನನ್ನಿಂದಾಗದ ಕೆಲಸ. ತಾಲೂಕು ಕಾನೂನು ಸೇವಾ ಸಮಿತಿಯವರು ಅರೆಕಾಲಿಕ ಸ್ವಯಂಸೇವಕರನ್ನು ಕೇಳಿದಾಗ ಹೆಸರು ಕೊಟ್ಟೆ. ಕೋರ್ಟಿನ ಆವರಣದಲ್ಲಿ ಒಂದು ಮೇಜು, ಎರಡು ಕುರ್ಚಿ. ಬಂದವರ ಮಾತು ಕೇಳಿ, ಅರ್ಜಿ ಬರೆದುಕೊಟ್ಟು, ಯಾವ ಬಾಗಿಲಿಗೆ ಹೋಗಬೇಕೆಂದು ತೋರಿಸುವ ಕೆಲಸ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಇದನ್ನು ಕೇಳಿ ಬಂದವರೆಲ್ಲ ಮೊದಲು ನಂಬುವುದಿಲ್ಲ. ನಂಬಿದ ಮೇಲೆ ಕೇಳುವ ಎರಡನೇ ಪ್ರಶ್ನೆ ಎಲ್ಲರದೂ ಒಂದೇ: "ಎಷ್ಟು ಸಲ ಬರ್ಬೇಕಾಯ್ತದೆ?"

ವಕೀಲರ ಶುಲ್ಕವನ್ನು ಸರ್ಕಾರ ಕೊಡುತ್ತದೆ. ದಾರಿಯನ್ನು ಕೊಡುವುದಿಲ್ಲ. ನಮ್ಮ ಶಾಲೆಯ ಕನ್ನಡ ಪಂಡಿತರು, ದೂರಕ್ಕೆ ಕೊಂಬು ಬಂದರೆ ದೂರು ಎಂದು ಕಾಗುಣಿತ ಹೇಳಿಕೊಡುವಾಗ ತಮಾಷೆ ಮಾಡುತ್ತಿದ್ದರು. ಕೋರ್ಟಿನ ಮೇಜಿನ ಹಿಂದೆ ಕೂತ ಮೇಲೆ ಆ ಕೊಂಬಿನ ಚೂಪು ಗೊತ್ತಾಯಿತು. ದೂರು ಕೊಡಬೇಕಾದವಳಿಗೆ ಮೊದಲು ತಿವಿಯುವುದು ದೂರವೇ.

ಕಾನೂನಿಗೂ ಭೂಗೋಳ ಅರ್ಥವಾದದ್ದು ನಿಧಾನವಾಗಿ. ಜೀವನಾಂಶದ ಅರ್ಜಿಯನ್ನು ಹೆಂಡತಿ ತಾನಿರುವ ಜಿಲ್ಲೆಯಲ್ಲೇ ಹಾಕಬಹುದೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. ಆದರೆ ಹಿಂದೂ ವಿವಾಹ ಕಾಯ್ದೆಯಡಿ ಹೋಗಬೇಕಾದರೆ ಮದುವೆ ನಡೆದ ಊರಿಗೋ, ಗಂಡ ಇರುವ ಊರಿಗೋ, ಇಬ್ಬರೂ ಕೊನೆಗೆ ಬಾಳಿದ ಊರಿಗೋ ಹೋಗಬೇಕಿತ್ತು. ಹೊಡೆತ ತಿಂದು ತವರಿಗೆ ಬಂದವಳು ನ್ಯಾಯ ಕೇಳಲು ಮತ್ತೆ ಅದೇ ಊರಿನ ಬಸ್ಸು ಹತ್ತಬೇಕು! ಅವಳು ತಾನಿರುವ ಕಡೆಯೇ ಅರ್ಜಿ ಹಾಕಬಹುದೆಂಬ ತಿದ್ದುಪಡಿ ಬಂದದ್ದು 2003ರಲ್ಲಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾತ್ಕಾಲಿಕವಾಗಿ ಇರುವ ಊರಾದರೂ ಸಾಕು ಎಂದಿತು. ಗಂಡನ ಮನೆಯವರ ಕ್ರೌರ್ಯದ ಬಗ್ಗೆ ಕ್ರಿಮಿನಲ್ ದೂರನ್ನು, ಆಶ್ರಯಕ್ಕೆ ಬಂದಿರುವ ತವರಿನ ಊರಿನಲ್ಲೇ ಕೊಡಬಹುದೆಂದು ಸುಪ್ರೀಂ ಕೋರ್ಟು ರೂಪಾಲಿ ದೇವಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದು 2019ರಲ್ಲಿ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಳ್ಳಬೇಕು, ಆಮೇಲೆ ಸರಿಯಾದ ಠಾಣೆಗೆ ಕಳಿಸಬೇಕು ಎಂಬ 'ಝೀರೋ ಎಫ್‌ಐಆರ್' ಪದ್ಧತಿ 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯೊಳಗೇ ಸೇರಿಕೊಂಡಿತು. ಇವೆಲ್ಲ ಒಳ್ಳೆಯವೇ. ಆದರೆ ಇವೆಲ್ಲವೂ ಯಾವ ಊರಿನ ಕೋರ್ಟು, ಯಾವ ಊರಿನ ಠಾಣೆ ಎಂಬುದರ ಬಗ್ಗೆ. ಮನೆಯಿಂದ ಆ ಊರಿಗೆ ಹೋಗುವುದು ಹೇಗೆಂದು ಯಾವ ಕಲಮಿನಲ್ಲೂ ಇಲ್ಲ.

2021ರಲ್ಲಿ ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತವಳು, "ಗುರ್ತು ಸಿಕ್ತಾ ಮೇಡಂ?" ಎಂದಳು. ಏಳು ಕಿಲೋಮೀಟರಿನ ಹುಡುಗಿ. ಬೆಂಗಳೂರಿನಲ್ಲಿ ಬಾಳ್ವೆ ಮಾಡಿ, ಲಾಕ್‌ಡೌನಿನ ಕಾಲದಲ್ಲಿ ಮಗಳ ಕೈಹಿಡಿದು ತವರಿಗೆ ಬಂದವಳು ಮತ್ತೆ ಹೋಗಿರಲಿಲ್ಲ. ಹೋಗದಿರಲು ಕಾರಣ ಅವಳ ಎಡಗೈಯ ಮೇಲಿತ್ತು. ನಾನು ಕೇಳಲಿಲ್ಲ, ಅವಳೇ ಸೆರಗು ಸರಿಸಿ ತೋರಿಸಿದಳು.

ಜೀವನಾಂಶದ ಅರ್ಜಿ ಹಾಕಿಸಿದೆವು. ಒಳ್ಳೆಯ ವಕೀಲರೇ ಸಿಕ್ಕರು, ಚಿಕ್ಕ ವಯಸ್ಸಿನ ಹುಡುಗಿ. ವಾಯಿದೆಯ ಮೇಲೆ ವಾಯಿದೆ. ಗಂಡ ಒಂದು ಸಲ ಬರುತ್ತಾನೆ, ಎರಡು ಸಲ ಬರುವುದಿಲ್ಲ. ಅವಳು ಮಾತ್ರ ಪ್ರತಿ ಸಲ ಬರಲೇಬೇಕು. ಕೊರೋನಾಕ್ಕೆ ಮೊದಲು ಅವಳೂರಿಗೆ ಎಂಟೂವರೆಗೆ ಒಂದು ಬಸ್ಸು ಆಗಿತ್ತಂತೆ. ಕೊರೋನಾದಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಉಳಿದದ್ದು ಅದೇ ಹಳೆಯ ಆರೂವರೆ, ಅದೇ ಹತ್ತೂಮುಕ್ಕಾಲು. ಆರೂವರೆಯದಕ್ಕೆ ಬಂದರೆ ಹಾಲು ಕರೆದು ಡೇರಿಗೆ ಹಾಕುವುದು, ಮಗುವನ್ನು ಶಾಲೆಗೆ ಕಳಿಸುವುದು ಎರಡೂ ತಪ್ಪುತ್ತದೆ. ತಾಯಿಗೆ ಮಂಡಿನೋವು. ಹಾಗಾಗಿ ಮುಖ್ಯರಸ್ತೆಯವರೆಗೆ ಯಾರದಾದರೂ ಬೈಕಿನಲ್ಲಿ, ಅಲ್ಲಿಂದ ಸಿಕ್ಕ ವಾಹನದಲ್ಲಿ ಬರುತ್ತಿದ್ದಳು. ಒಂದು ವಾಯಿದೆಗೆ ಟಿಕೇಟು, ಊಟ, ಆ ದಿನದ ಕೂಲಿ ಎಲ್ಲ ಸೇರಿ ಎಷ್ಟಾಗುತ್ತದೆಂದು ಭಿನ್ನರಾಶಿ ಬಲ್ಲ ಅವಳಿಗೆ ನಾನು ಹೇಳಿಕೊಡಬೇಕಿರಲಿಲ್ಲ.

2022ರ ಒಂದು ದಿನ ಮಳೆ. ಬೈಕು ಸಿಗಲಿಲ್ಲ. ನಡೆದು ರಸ್ತೆಗೆ ಬಂದವಳಿಗೆ ಎದುರಿನಿಂದ ಬಂದ ಬಸ್ಸು ನಿಲ್ಲಿಸಲಿಲ್ಲ. ಹನ್ನೊಂದೂ ಕಾಲಿಗೆ ಕೇಸು ಕೂಗಿದರು. ಮೂರು ಸಲ ಕೂಗಿದ್ದು ಹೊರಗೆ ಕೂತ ನನಗೇ ಕೇಳಿಸಿತು. ಅವಳು ಒದ್ದೆಯಾಗಿ ಬಂದು ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಆಮೇಲೆ ಆದೇಶದ ಹಾಳೆಯನ್ನು ನೋಡಿದೆ. ಅರ್ಜಿದಾರಳು ಗೈರುಹಾಜರು, ಅರ್ಜಿ ವಜಾ. ಮೂವತ್ತೆರಡು ವರ್ಷ ನಾನು ಬರೆದ ಪದವೇ ಅದು, ಗೈರುಹಾಜರು. ಪಕ್ಕದಲ್ಲಿ ಕಿಲೋಮೀಟರು ಬರೆದಿರಲಿಲ್ಲ.

ನ್ಯಾಯಾಧೀಶರನ್ನು ದೂರುವುದು ನನ್ನ ಉದ್ದೇಶವಲ್ಲ. ದಿನಕ್ಕೆ ಅಷ್ಟೊಂದು ಕೇಸು ಕೂಗಬೇಕಾದವರು ಯಾರ ಬಸ್ಸು ಎಲ್ಲಿ ಕೆಟ್ಟಿತೆಂದು ಹೇಗೆ ತಿಳಿದಾರು? ಅರ್ಜಿಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಿ ಎಂದು ಇನ್ನೊಂದು ಅರ್ಜಿ ಹಾಕಿ, ಅದು ಒಪ್ಪಿಗೆಯಾಗಿ, ಮೊದಲಿದ್ದ ಜಾಗಕ್ಕೆ ಕೇಸು ಬರಲು ಏಳು ತಿಂಗಳು ಹಿಡಿಯಿತು.

ಇನ್ನು ಪೊಲೀಸ್ ಠಾಣೆಯ ಮಾತು. ಆ ಕಟ್ಟಿನಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಇದೇ. ಮಹಿಳಾ ಠಾಣೆ ಎಂಬ ಕಲ್ಪನೆ ನಮ್ಮ ದೇಶದಲ್ಲಿ ಕೋಳಿಕ್ಕೋಡಿನಲ್ಲಿ 1973ರಲ್ಲಿ ಶುರುವಾದದ್ದು. ತಮಿಳುನಾಡು 1992ರಿಂದ ಅದನ್ನು ದೊಡ್ಡದಾಗಿ ಬೆಳೆಸಿತು. ನಮ್ಮ ನಗರಗಳಲ್ಲಿ ಮಹಿಳಾ ಠಾಣೆ ತೆರೆದ ಮೇಲೆ ಹೆಂಗಸರ ಮೇಲಿನ ಅಪರಾಧಗಳ ದಾಖಲಾತಿ ಏರಿತು ಎಂದು, ಮೇಲೆ ಹೇಳಿದ ನಿಶಿತ್ ಪ್ರಕಾಶ್ ಇನ್ನಿಬ್ಬರ ಜೊತೆ ಸೇರಿ ನಡೆಸಿದ ಅಧ್ಯಯನ ಹೇಳುತ್ತದೆ. ಅಪರಾಧ ಹೆಚ್ಚಿತೆಂದಲ್ಲ, ಬಾಯಿಬಿಡುವವರು ಹೆಚ್ಚಿದರು ಎಂಬುದು ಅವರ ಅರ್ಥ. ಆದರೆ ಹರಿಯಾಣದ ಬಗ್ಗೆ ನಿರ್ವಿಕಾರ್ ಜಸ್ಸಲ್ ಎಂಬವರು ಬರೆದದ್ದು ಬೇರೆಯೇ. 2015ರಲ್ಲಿ ಅಲ್ಲಿ ಜಿಲ್ಲೆಜಿಲ್ಲೆಗೂ ಒಂದು ಮಹಿಳಾ ಠಾಣೆ ತೆರೆದರು. ಒಟ್ಟು ದಾಖಲಾತಿ ಏರಲಿಲ್ಲ. ಹತ್ತಿರದ ಠಾಣೆಯವರು ಹೆಂಗಸರನ್ನು ಕಂಡೊಡನೆ "ನಿಮ್ಮ ಠಾಣೆ ಅಲ್ಲಿದೆ, ಅಲ್ಲಿಗೇ ಹೋಗಿ" ಎಂದು ಸಾಗಹಾಕಲು ದಾರಿಯಾಯಿತು.

ಎರಡೂ ನಿಜವಿರಬಹುದು ಎಂದು ನನಗೆ ತೋರುತ್ತದೆ. ನಗರದಲ್ಲಿ ಮಹಿಳಾ ಠಾಣೆ ಎಂದರೆ ಎರಡು ಸ್ಟಾಪು ಆಚೆ. ಜಿಲ್ಲೆಗೊಂದು ಎಂದರೆ ನಮ್ಮ ಹೋಬಳಿಯವಳಿಗೆ ಎರಡು ಬಸ್ಸು ಬದಲಾಯಿಸಬೇಕು. ಇದು ನನ್ನ ಊಹೆ, ಆ ಸಂಶೋಧಕರದಲ್ಲ. ಆದರೆ ನನ್ನ ಮೇಜಿಗೆ ಬಂದವರಲ್ಲಿ "ಜಿಲ್ಲೆಗೆ ಹೋಗು ಅಂದ್ರು, ಅದ್ಕೆ ವಾಪಸ್ ಮನೆಗೆ ಹೋದೆ" ಎಂದವರನ್ನು ಕಂಡಿದ್ದೇನೆ. ಹೋದದ್ದು ತವರಿಗಲ್ಲ, ಹೊಡೆದವನ ಮನೆಗೇ.

ಅದಕ್ಕೇ ಮಧ್ಯಪ್ರದೇಶದ ಪ್ರಯೋಗ ನನಗೆ ಹಿಡಿಸಿತು. ಅಲ್ಲಿನ ಪೊಲೀಸರ ಜೊತೆ ಸೇರಿ ಸಂದೀಪ್ ಸುಖ್ತಂಕರ್, ಗೇಬ್ರಿಯಲ್ ಕ್ರುಕ್ಸ್-ವಿಸ್ನರ್ ಮತ್ತು ಅಕ್ಷಯ್ ಮಂಗ್ಲಾ 180 ಸಾಮಾನ್ಯ ಠಾಣೆಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿನ ಠಾಣೆಗಳಲ್ಲಿ ಹೆಂಗಸರಿಗಾಗಿಯೇ ಸಹಾಯದ ಮೇಜು, ಇನ್ನೊಂದರಲ್ಲಿ ಆ ಮೇಜಿಗೆ ಮಹಿಳಾ ಅಧಿಕಾರಿಯೇ, ಮೂರನೆಯದು ಮೊದಲಿದ್ದ ಹಾಗೆ. ಈ ಠಾಣೆಗಳ ವ್ಯಾಪ್ತಿಯಲ್ಲಿದ್ದ ಜನ ಎರಡು ಕೋಟಿಗೂ ಹೆಚ್ಚು. ಮೇಜು ಬಂದ ಠಾಣೆಗಳಲ್ಲಿ ಹೆಂಗಸರ ದೂರುಗಳು ಕಾಗದದ ಮೇಲೆ ಬರುವುದು ಹೆಚ್ಚಿತು, ಮಹಿಳಾ ಅಧಿಕಾರಿ ಕೂತ ಕಡೆ ಇನ್ನೂ ಹೆಚ್ಚು. 2022ರಲ್ಲಿ ಇದು 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ. ಹತ್ತಿರದ ಠಾಣೆಯಲ್ಲಿ ಒಂದು ಮರೆ, ಒಂದು ಮೇಜು, ತರಬೇತಾದ ಒಬ್ಬಳು. ಉದ್ಘಾಟನೆ ಇಲ್ಲದ್ದರಿಂದಲೇ ಇಂಥವು ನಮ್ಮಲ್ಲಿ ತಡವಾಗುತ್ತವೆಯೋ ಏನೋ.

ಆದರೂ ಮೇಜಿನಿಂದ ಎಲ್ಲವೂ ಆಗುವುದಿಲ್ಲ. ಅದೇ ಜಸ್ಸಲ್ ಹರಿಯಾಣದ ನಾಲ್ಕು ಲಕ್ಷಕ್ಕೂ ಹೆಚ್ಚು ಎಫ್‌ಐಆರ್‌ಗಳನ್ನು ಠಾಣೆಯಿಂದ ಕೋರ್ಟಿನವರೆಗೆ ಹಿಂಬಾಲಿಸಿ ನೋಡಿದ್ದಾರೆ. ದೂರು ಕೊಟ್ಟವಳು ಹೆಂಗಸಾದರೆ ಅದು ಪ್ರತಿ ಹಂತದಲ್ಲೂ ಹೆಚ್ಚು ತಡವಾಗುತ್ತದೆ, ಹೆಚ್ಚು ಸಲ ಕೈಬಿಟ್ಟುಹೋಗುತ್ತದೆ. ಓದುವಾಗ ಆ ಮೂವತ್ತೆರಡು, ಹದಿನೆಂಟು, ಹನ್ನೆರಡು ನೆನಪಾಯಿತು. ಗೇಟು ದಾಟಿದ ಮೇಲೂ ಒಂದು ದಾರಿ ಇರುತ್ತದೆ.

2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ದೆಹಲಿ, ತಮಿಳುನಾಡುಗಳಲ್ಲಿ ಮೊದಲೇ ಇತ್ತು. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟು ಶೂನ್ಯ. ಧರ್ಮಸ್ಥಳ, ಶೃಂಗೇರಿಗೆ ಹೋಗುವ ಹೆಂಗಸರ ಬಗ್ಗೆ ಎಷ್ಟೊಂದು ನಗೆಹನಿಗಳು ಬಂದವು! ಜೀವಮಾನದಲ್ಲೊಮ್ಮೆ ಮಂಜುನಾಥನನ್ನು ನೋಡಿ ಬಂದರೆ ಯಾರ ಗಂಟು ಹೋಯಿತು? 2025ರ ಜುಲೈ ಹೊತ್ತಿಗೆ ಐನೂರು ಕೋಟಿ ಶೂನ್ಯ ಟಿಕೇಟು ಹರಿದಾಗಿತ್ತು. ಕೋರ್ಟಿನ ಬೇವಿನ ಮರದ ಕೆಳಗೆ ನಾನು ಕಂಡದ್ದು ಇಷ್ಟು: ವಾಯಿದೆಗೆ ಹೆಂಗಸರು ಒಬ್ಬೊಬ್ಬರೇ ಬರುತ್ತಿದ್ದವರು ಈಗ ಅವ್ವನನ್ನೋ ಅಕ್ಕನನ್ನೋ ಜೊತೆಗೆ ಕರೆತರುತ್ತಾರೆ. ಎರಡನೆಯವಳ ಟಿಕೇಟಿಗೆ ಮೊದಲು ದುಡ್ಡಿರುತ್ತಿರಲಿಲ್ಲ. ಕಟಕಟೆಯಲ್ಲಿ ನಿಲ್ಲುವವಳಿಗೆ ಹೊರಗೆ ಒಬ್ಬಳು ಕಾಯುತ್ತಿದ್ದಾಳೆಂಬುದು ಎಷ್ಟು ದೊಡ್ಡ ಬಲವೆಂದು ವಕೀಲರನ್ನು ಕೇಳಿ. ಇದನ್ನು ಯಾರಾದರೂ ಆ ಮೂರು ಕಳೆಯುವ ಲೆಕ್ಕದ ಹಾಗೆ ಅಳೆದರೆ ನಾನು ಕೋಷ್ಟಕದಿಂದಲೇ ಓದಲು ತಯಾರು.

ಆದರೆ ಶೂನ್ಯ ಟಿಕೇಟಿನ ಬಸ್ಸು ಬರುವ ಊರಿಗೆ ಮಾತ್ರ ಶೂನ್ಯ ಟಿಕೇಟು. ಏಳು ಕಿಲೋಮೀಟರಿನ ಹಳ್ಳಿಗೆ ಎಂಟೂವರೆಯದು ಬರಲಿಲ್ಲ. ಬರುವ ಎರಡೂ ಇನ್ನಷ್ಟು ತುಂಬಿಕೊಂಡು ಬಂದವು.

ಅವಳ ಅರ್ಜಿ 2024ರಲ್ಲಿ ಮಂಜೂರಾಯಿತು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಿ ಕೊಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರಿಂದ, ಆ ವಜಾ, ಆ ಏಳು ತಿಂಗಳು ಎಲ್ಲ ಅವನ ತಲೆಯ ಮೇಲೇ ಬಂತು. ಆದೇಶದ ನಕಲು ಓದಿ ಅವಳು ಮೊದಲು ಮಾಡಿದ್ದು ಬಾಕಿಯ ಮೊತ್ತವನ್ನು ಕೂಡಿ ನೋಡಿದ್ದು. ಗುಮಾಸ್ತರ ಲೆಕ್ಕದಲ್ಲಿ ಒಂದು ತಿಂಗಳು ಬಿಟ್ಟುಹೋಗಿತ್ತು, ಅವಳೇ ಹಿಡಿದಳು. ಗಂಡ ಎರಡು ಕಂತು ಕಟ್ಟಿ ನಿಲ್ಲಿಸಿದ. ನಿಲ್ಲಿಸಿದರೆ ವಸೂಲಿಗೆ ಬೇರೆ ಅರ್ಜಿ ಹಾಕಬೇಕು, ಅದನ್ನೂ ಬಾಕಿಯಾದ ಒಂದು ವರ್ಷದೊಳಗೆ. ಅಂದರೆ ಮತ್ತೆ ವಾಯಿದೆ, ಮತ್ತೆ ಹನ್ನೊಂದು ಗಂಟೆ. ಈ ಸಲ ಅವಳ ವಕೀಲೆ, ಕಕ್ಷಿದಾರಳ ಊರಿನ ಬಸ್ಸಿನ ವೇಳೆ ತಿಳಿಸಿ, ಕೇಸನ್ನು ಮಧ್ಯಾಹ್ನದ ಮೇಲೆ ಕೂಗಬೇಕೆಂದು ಕೇಳಿಕೊಂಡರು. ಹೊಸದಾಗಿ ಬಂದಿದ್ದ ನ್ಯಾಯಾಧೀಶರು ಕಡತದ ಮೇಲೆ ಹಾಗೆಂದು ಗುರುತು ಹಾಕಿಸಿದರು. ಅದಕ್ಕೆ ಹಿಡಿದದ್ದು ಒಂದು ನಿಮಿಷ.

ಅವಳ ಮಗಳು ಈಗ ಎಂಟನೇ ತರಗತಿ. ಸೈಕಲ್ ಯೋಜನೆ ಕೊರೋನಾ ಕಾಲದಲ್ಲಿ ನಿಂತಿತ್ತು, ಅವಳು ಎಂಟಕ್ಕೆ ಬಂದಾಗ ಶಾಲೆಯಲ್ಲಿ ಸೈಕಲ್ಲಿರಲಿಲ್ಲ. ಅಮ್ಮನ ಹಳೆಯ ಸೈಕಲ್ಲಿಗೆ ಹೊಸ ಟೈರು ಹಾಕಿಸಿಕೊಂಡು ಓಡಿಸುತ್ತಾಳೆ. ಆ ಊರಿನ ಹೆಂಗಸರು, ಹಾಲಿನ ಸಂಘದವರು, ನಾನೂ ಸೇರಿ, ಎಂಟೂವರೆಯ ಬಸ್ಸನ್ನು ಮತ್ತೆ ಬಿಡಬೇಕು, ಇಲ್ಲವಾದರೆ ಹತ್ತೂಮುಕ್ಕಾಲಿನದನ್ನು ಒಂಬತ್ತಕ್ಕಾದರೂ ತರಬೇಕು ಎಂದು ಡಿಪೋಕ್ಕೆ ಒಂದು ಅರ್ಜಿ ಕೊಟ್ಟಿದ್ದೇವೆ. ಒಕ್ಕಣೆ ನನ್ನದು. ಕೆಳಗೆ ಅರವತ್ತೆರಡು ಸಹಿ, ಒಂದೂ ಹೆಬ್ಬೆಟ್ಟಿಲ್ಲ. ಜೊತೆಗೆ ಶಾಲೆಯ ಗಂಟೆ ಎಷ್ಟಕ್ಕೆ, ಕೋರ್ಟು ಎಷ್ಟಕ್ಕೆ, ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಎಷ್ಟಕ್ಕೆ ಎಂದು ಒಂದು ಕೋಷ್ಟಕವನ್ನೂ ಲಗತ್ತಿಸಿದೆ. ಹದಿನೈದು ದಿನಕ್ಕೆ ಹಿಂಬರಹ ಬಂತು: ಪರಿಶೀಲನೆಯಲ್ಲಿದೆ. ಹೋದ ವಾರ ಸಾರಿಗೆಯವರೊಬ್ಬರು ಬಂದು ಆ ರಸ್ತೆಯನ್ನು ನೋಡಿಕೊಂಡು ಹೋದರಂತೆ. ಮುಂದಿನ ವಾಯಿದೆ ಬರುವ ತಿಂಗಳ ಒಂಬತ್ತಕ್ಕೆ, ಮಧ್ಯಾಹ್ನ ಎರಡೂಮುಕ್ಕಾಲಿಗೆ.